ಇನ್ನೆರಡು ನೋಡಿಬಿಡ್ತೀನಿ

...ಅಲ್ಲ, ಹಾಗಲ್ಲ! ಆ ಹಳೇದನ್ನ ಒತ್ತಬೇಡ ಅಂದೆನಲ್ಲ! ಬಿಡು ಮೌಸು, ಕೊಡಿಲ್ಲಿ. ಗಾಡಿ ತಪಾಸಣೆಗೆ ದಿನ ಗೊತ್ತು ಮಾಡ್ಬೇಕು ತಾನೇ ನಿಂಗೆ? ಮಾಡೋಣ. ಹೊಸದರಲ್ಲಿ ಮಾಡೋಣ. ನಾನು ಬ್ರೌಸರ್ ಬದಲಾಯಿಸ್ತಿದ್ದೀನಿ ಕಣೋ. ಇವತ್ತೇ, ಈಗಲೇ. ನೀನು ಬಂದಿದ್ದೂ ಒಳ್ಳೇದೇ ಆಯ್ತು.

ಯಾಕೆ ನಗ್ತಿದ್ದೀಯ? ನಗು, ನಗು. ಒಂದು ಬ್ರೌಸರ್ ಬದಲಾಯಿಸೋಕೆ ಭಾವನಿಗೆ ಎಷ್ಟು ದಿನ ಬೇಕಾಯ್ತು ಅಂತ ತಾನೇ? ಹದಿನೇಳು ದಿನ. ಹೂಂ, ಹದಿನೇಳು! ಐದು ಇಳಿಸ್ಕೊಂಡೆ. ಒಂದೊಂದನ್ನೂ ಮೂರು ಮೂರು ದಿನ ನಡೆಸಿ ನೋಡ್ದೆ. ಆಮೇಲೆ ಎರಡು ದಿನ ಬರೀ ಯೋಚನೆ. ಈ ಹಾಳೆ ನೋಡು, ಗೆರೆ ಹೊಡೆದು ಬರ್ದಿಟ್ಟಿದ್ದೀನಿ. ಇದು ಬೇಗ ತೆರೆಯುತ್ತೆ, ಆದ್ರೆ ಕಂಪ್ಯೂಟರಿನ ಫ್ಯಾನು ಗೊರಗೊರ ಅನ್ನೋಕೆ ಶುರು ಮಾಡುತ್ತೆ. ಇದು ಜಾಹೀರಾತು ತಡೆಯುತ್ತೆ... ಜಾಹೀರಾತಿನ ಜೊತೆಗೆ ಬೇಕಾದ ಪುಟಾನೂ ತಡೆಯುತ್ತೆ, ಮಹಾ ಬುದ್ಧಿವಂತ! ಇದರಲ್ಲಿ ಅಕ್ಷರ ಎಷ್ಟು ದೊಡ್ಡದು ಮಾಡಿದ್ರೂ ಸಾಲು ಒಡೆಯಲ್ಲ. ಇದು ಪುಟ ಓದಿ ಹೇಳುತ್ತೆ ಕಣೋ, ಹೆಂಗಸಿನ ದನಿಯಲ್ಲಿ. ಏನು ಓದುತ್ತೋ ಕೇಳಿಸ್ಕೊಳ್ಳಲ್ಲ ನಾನು. ಹಾಕಿಟ್ಟಿರ್ತೀನಿ ಅಷ್ಟೇ. ಮನೇಲಿ ಒಂದು ದನಿ ಇರ್ಲಿ ಅಂತ...

ಮತ್ತೆ ಟ್ಯಾಬುಗಳು. ಹಳೇದರಲ್ಲಿ ಹನ್ನೊಂದು ಟ್ಯಾಬ್ ತೆರೆದ್ರೆ ಎಲ್ಲಾ ಮುದ್ದೆಯಾಗಿ ಯಾವುದು ಯಾವುದು ಅಂತಾನೇ ತಿಳಿಯಲ್ಲ. ಇದು ಪಕ್ಕದಲ್ಲಿ ಮೇಲಿಂದ ಕೆಳಗೆ ಹೆಸರು ಸಮೇತ ಜೋಡಿಸುತ್ತೆ. ...ಹನ್ನೊಂದೇ ಯಾಕಾ? ಸುಮ್ಮನೆ ಹೇಳ್ದೆ ಮಾರಾಯ. ಹತ್ತು ಅಂತಿಟ್ಕೋ.

ಕಸುಬೇ ಅಂಥದ್ದು, ಏನು ಮಾಡ್ಲಿ? ಕನ್ನಡಕದ ಅಂಗಡಿ ಇಟ್ಟು ಇಪ್ಪತ್ತಾರು ವರ್ಷ. ಜನರ ಮೂಗಿನ ಮೇಲೆ ಗಾಜು ಕೂರಿಸಿ ಇಪ್ಪತ್ತಾರು ವರ್ಷದಿಂದ ಅದೇ ಪ್ರಶ್ನೆ. "ಇದು ಚೆನ್ನಾಗಿ ಕಾಣುತ್ತಾ... ಇದಾ? ನಿಧಾನವಾಗಿ ನೋಡಿ ಹೇಳಿ. ಇದಾ... ಇದಾ?" ಅವಸರ ಮಾಡಿದ್ರೆ ಮಾರನೇ ದಿನವೇ ತಲೆನೋವು ಅಂತ ವಾಪಸ್ ಬರ್ತಾರೆ. ನಿಮ್ಮಕ್ಕ ಹೇಳ್ತಿರಲಿಲ್ವಾ, "ಇವರು ಕುಕ್ಕರ್ ಆರಿಸೋ ಹೊತ್ತಿಗೆ ಮನೇಲಿ ಅಕ್ಕಿಗೆ ಹುಳ ಬಿದ್ದಿರುತ್ತೆ" ಅಂತ? ಹಹ್... ತೋಳು ಹಿಡಿದು ಎಳೀತಿದ್ಳು, ಅಂಗಡಿಯಲ್ಲೇ, ಎಲ್ಲರ ಮುಂದೆ. "ಸಾಕು ಬನ್ರೀ, ಎಲ್ಲದರಲ್ಲೂ ಅನ್ನ ಬೇಯುತ್ತೆ." ನಾನು, ಇರೇ, ಇನ್ನೆರಡು ನೋಡಿಬಿಡ್ತೀನಿ...

ಏನಂದೆ? ಹಾಂ... ಹಳೇದಕ್ಕೇನಾಗಿತ್ತು ಅಂತಾನಾ?

ಏನಾಗಿತ್ತು ಅಂದ್ರೆ... ನಿಧಾನ. ಅಲ್ಲ, ನಿಧಾನ ಅಲ್ಲ. ಅದಕ್ಕೆ ನೆನಪು ಜಾಸ್ತಿ. ಬೆಳಿಗ್ಗೆ ತೆರೆದ್ರೆ ಸಾಕು, ಯಾವತ್ತಿನದೋ ಪುಟಗಳನ್ನ ತಾನಾಗೇ ತಂದು ಕಣ್ಮುಂದೆ ಸಾಲಾಗಿ ನಿಲ್ಲಿಸುತ್ತೆ. ಯಾರು ಕೇಳಿದ್ರು? ಮುಚ್ತೀನಿ, ಮಾರನೇ ದಿನ ಮತ್ತೆ ಹಾಜರ್! ಇದು ಹಾಗಲ್ಲ. ಇದರಲ್ಲಿ ನೋಡಿದ್ದನ್ನ ಮುಚ್ಚಿದ ತಕ್ಷಣ ಮರೆತುಬಿಡುತ್ತೆ. ಐದರಲ್ಲಿ ಇದನ್ನೇ ಆರಿಸಿದ್ದು ಅದಕ್ಕೇ. ನಮ್ಮ ಬಗ್ಗೆ ಏನೂ ನೆನಪಿಟ್ಕೊಳ್ಳದೇ ಇರೋದು ಮನೇಲಿ ಒಂದಾದ್ರೂ ಇದ್ರೆ ಎಷ್ಟು ನೆಮ್ಮದಿ ಗೊತ್ತಾ...

ಟೀ ಕುಡೀತೀಯಾ? ಬೇಡ್ವಾ. ಸರಿ. ಅಡುಗೆಮನೆಗೆ ಹೋಗೋಕೆ ನಂಗೂ ಮನಸ್ಸಿಲ್ಲ. ಎಲ್ಲಾ ಅವಳಿಟ್ಟಂಗೇ ಇದೆ. ಎರಡೂವರೆ ತಿಂಗಳಲ್ಲಿ ಒಂದು ಡಬ್ಬಿ ಜರುಗಿಸಿಲ್ಲ. ಅಲ್ಲಿ ಹೊಲಿಗೆ ಮಷೀನಿನ ಮೇಲೆ ನೋಡು, ಆ ನೀಲಿ ಬಟ್ಟೆ. ನಿನ್ನ ಮಗಳ ಫ್ರಾಕು. ಒಂದು ತೋಳು ಹಚ್ಚಿದ್ದಾಳೆ, ಇನ್ನೊಂದು ಹಚ್ಚಿಲ್ಲ. ತಗೊಂಡು ಹೋಗು ಅನ್ನೋಕೂ ಬಾಯಿ ಬರಲ್ಲ, ನೋಡ್ಕೊಂಡು ಕೂರೋಕೂ ಆಗಲ್ಲ.

ಬೇಡ. ಅದನ್ನ ಮತ್ತೆ ಶುರು ಮಾಡ್ಬೇಡ. ಬೇಡ ಅಂದೆ! "ಒಂದು ಫೋನ್ ಮಾಡಿದ್ರೆ ಕಾರ್ ತಂದು ನಿಲ್ಲಿಸ್ತಿದ್ದೆ" ಅಂತ ತಾನೇ... ಗೊತ್ತು ಕಣೋ. ಎರಡು ಬೀದಿ ಆಚೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಾಡಿಗೆ ಇಲ್ಲದೆ ಖಾಲಿ ಕೂತಿದ್ದೆ ನೀನು. ನೂರು ಸಲ ಹೇಳಿದ್ದೀಯ. ಆದ್ರೆ ಯಾರು ಮಾಡ್ಬೇಕಿತ್ತು ಫೋನು? ನಾನು ಅಂಗಡಿಯಲ್ಲಿದ್ದೆ. ಒಂಬತ್ತೂವರೆಗೇ ಹೋಗಿದ್ದೆ. ಹನ್ನೆರಡಕ್ಕೆ ಊಟಕ್ಕೆ ಅಂತ ಬಂದೆ, ನೋಡಿದ್ರೆ... ಇಲ್ಲೇ, ಈ ಬಾಗಿಲ ಹತ್ರ. ಎಷ್ಟು ಸಲ ಹೇಳ್ಲಿ? ನೋವಾಗ್ತಿದೆ ಅಂತ ಹೇಳ್ಕೊಳ್ಳೋಕೂ ಒಬ್ಬರಿರಲಿಲ್ಲ ಪಾಪ ಅವಳಿಗೆ. ಒಬ್ಬಳೇ ಇದ್ಳು.

ಹಾಂ, ಬಂತು ಬಂತು. ತೆರೆಯಿತು ನೋಡು. ಚೆನ್ನಾಗಿಲ್ವಾ? ಬೆಳ್ಳಗೆ, ಖಾಲಿಯಾಗಿ... ಏನೋ ಕೇಳ್ತಿದೆ. "ಹಳೆಯ ಬ್ರೌಸರಿನಿಂದ ತರಬೇಕಾದುದನ್ನು ಆರಿಸಿ". ತರ್ಬೇಕು, ತರ್ಬೇಕು! ನಿಮ್ಮಕ್ಕ ಗುರುತು ಹಾಕಿಟ್ಟ ಹೊಲಿಗೆ ಪುಟಗಳಿವೆ ಅದರಲ್ಲಿ. ತೋಳು ಕತ್ತರಿಸೋದು, ಕಾಲರ್ ಕೂರಿಸೋದು. ಅವು ನಂಗೆ ಬೇಕು. ಯಾಕೆ ಅಂತ ಕೇಳ್ಬೇಡ. ಇರು, ಪಟ್ಟಿ ಉದ್ದ ಇದೆ, ಒಂದೊಂದಾಗಿ ಓದಿ... ಏನು, ಗಡಿಯಾರ ನೋಡ್ತಿದ್ದೀಯಾ? ಯಾರೋ ಕಾಯ್ತಿದ್ದಾರಾ? ಸರಿ ಮಾರಾಯ, ಸರಿ! ಓದ್ತಾ ಕೂರಲ್ಲ. "ಎಲ್ಲವನ್ನೂ ತನ್ನಿ". ಒತ್ತಿದೆ ತಗೋ! ಆಯ್ತಾ? ನೋಡಿದ್ಯಾ, ಓದದೇ ಒತ್ತಿದೆ. ಜೀವನದಲ್ಲಿ ಮೊದಲನೇ ಸಲ. ನಿಮ್ಮಕ್ಕ ಇದ್ದಿದ್ರೆ ಚಪ್ಪಾಳೆ ತಟ್ತಿದ್ಳು.

ಬಾ, ನೀನೇ ಕೂತ್ಕೋ. ಮೇಲೆ ಉದ್ದಕ್ಕೆ ಪೆಟ್ಟಿಗೆ ಇದೆಯಲ್ಲ, ಅದರ ಮೇಲೆ ಒತ್ತಿ ತಪಾಸಣೆ ಕಚೇರಿ ಹೆಸರು ಟೈಪ್ ಮಾಡು. ನಾನು ಈ ಪರದೆ ಸ್ವಲ್ಪ ಎಳೀತೀನಿ, ಬಿಸಿಲು ಹೊಡೀತಿದೆ. ...ಈಗ ಕಾಣುತ್ತಾ?

ಟೈಪ್ ಮಾಡೋ.

ಯಾಕೆ ಕೈ ತೆಗೆದುಬಿಟ್ಟೆ?

ಏನದು, ಕೆಳಗೆ ಉದ್ದಕ್ಕೆ ಇಳಿದಿರೋದು... ಓ, ಅದಾ! ಜಾಹೀರಾತು ಕಣೋ ಅದು. ಹೊಸದಲ್ವಾ, ಏನೇನೋ ತೋರಿಸುತ್ತೆ. "ಗ್ಯಾಸ್ ನೋವೋ ಹೃದಯದ ನೋವೋ ತಿಳಿಯುವುದು ಹೇಗೆ". ಇಂಥವೆಲ್ಲ ಎಲ್ಲರಿಗೂ ತೋರಿಸ್ತಾರೆ. ಮುಚ್ಚು. ಎಲ್ಲಿಗೆ ಹೋಗ್ತಿದ್ದೀಯ? ಅದನ್ಯಾಕೆ ಒತ್ತಿದೆ, ಅದು ಹಿಸ್ಟರಿ, ಹಳೇದರಲ್ಲಿ ನೋಡಿದ್ದರ ಪಟ್ಟಿ, ಅದು ನಿಂಗೆ ಬೇಕಾಗಿಲ್ಲ... ಕೊಡು ಮೌಸು. ಕೊಡೋ!

ಅದು... ಆಮೇಲೆ ನೋಡಿದ್ದು. ಅವಳು ಹೋದ್ಮೇಲೆ. ಏನಾಗಿರಬಹುದು ಅಂತ, ಮನಸ್ಸು ತಡೀದೆ...

ಹೂಂ. ತಾರೀಕು ಇದೆ. ಗಂಟೆನೂ ಇದೆ. ಬೆರಳಿಟ್ಟು ತೋರಿಸ್ಬೇಡ, ಕಾಣುತ್ತೆ ನಂಗೆ. ಒಂಬತ್ತು ನಲವತ್ತು.

ಅಂಗಡಿಗೆ ಹೋಗಿರಲಿಲ್ಲ.

ಚಪ್ಪಲಿ ಹಾಕ್ಕೊಳ್ತಿದ್ದೆ. ಕರೆದ್ಳು. "ರೀ, ಎದೆ ಹಿಡ್ಕೊಂಡಂಗಿದೆ, ಎಡಗೈಯೆಲ್ಲ ಎಳೀತಿದೆ" ಅಂದ್ಳು. ನಾನು ಬಂದು ಕೂತ್ಕೊಂಡೆ ಕಣೋ. ಈ ಕುರ್ಚಿ ಮೇಲೆ. ಗ್ಯಾಸಾ... ಅದಾ... ಅಂತ ನೋಡ್ದೆ. ನಾಲ್ಕು ಪುಟ ಗ್ಯಾಸ್ ಅಂದ್ವು, ಮೂರು ಅಲ್ಲ ಅಂದ್ವು. ಆಮೇಲೆ ಆಸ್ಪತ್ರೆಗಳು. ಹನ್ನೊಂದು ಆಸ್ಪತ್ರೆ, ಹನ್ನೊಂದು ಟ್ಯಾಬು. ಹೃದಯದ ಡಾಕ್ಟರು ಎಲ್ಲಿ ಬೆಳಿಗ್ಗೆನೇ ಸಿಗ್ತಾರೆ, ಯಾರಿಗೆ ಎಷ್ಟು ನಕ್ಷತ್ರ, ಹೋಗಿ ಬಂದೋರು ಏನು ಬರೆದಿದ್ದಾರೆ... ಒಂದರಲ್ಲಿ ಯಾರೋ ಬರೆದಿದ್ರು, ನರ್ಸುಗಳು ಸಿಡುಕ್ತಾರೆ ಅಂತ. ಅದನ್ನ ಬಿಟ್ಟೆ. ಯಾರಾದ್ರೂ ಗದರಿದ್ರೆ ಅವಳಿಗೆ ತಡ್ಕೊಳ್ಳೋಕಾಗಲ್ಲ, ನಿಂಗೆ ಗೊತ್ತಲ್ಲ. ಒಳ್ಳೇದಕ್ಕೇ ಕರ್ಕೊಂಡು ಹೋಗ್ಬೇಕು ಅಂತ ಕಣೋ! ಇದ್ದಿದ್ದರಲ್ಲಿ ಒಳ್ಳೇದಕ್ಕೆ! ನನ್ನ ಹೆಂಡ್ತಿ ಅವಳು!

ಕೊನೇ ಸಾಲು ಓದ್ಬೇಡ. ಓದ್ಬೇಡ್ವೋ... ಹನ್ನೊಂದು ಐವತ್ತು. ಅದು ದಾರಿ ತೋರ್ಸೋ ಪುಟ. ಹತ್ತಿರದ ಆಸ್ಪತ್ರೆಗೆ. ಕಾರಿನಲ್ಲಿ ಏಳು ನಿಮಿಷ ಅಂತಿದೆ.

ಏನಾದ್ರೂ ಅನ್ನೋ. ಬೈಯಿ. ಕತ್ತಿನ ಪಟ್ಟಿ ಹಿಡಿದು ಎರಡು ಬಾರಿಸು. ಹೀಗೆ ನೋಡ್ತಾ ಕೂರ್ಬೇಡ. ಅವಳೂ ಹೀಗೇ ಕೂತಿದ್ಳು, ಬಾಗಿಲ ಹತ್ರ, ನೆಲದ ಮೇಲೆ, ಗೋಡೆಗೆ ಒರಗಿ. ಕೊನೆಗೆ ಮಾತೇ ಆಡ್ಲಿಲ್ಲ. ಅದಕ್ಕೆ ಮುಂಚೆ ಒಂದೇ ಸಲ ಹೇಳಿದ್ಳು. "ರೀ, ನನ್ನ ತಮ್ಮನಿಗೊಂದು ಫೋನ್ ಮಾಡಿ ಸಾಕು. ಅವನು ಎಲ್ಲಿಗೆ ಕರ್ಕೊಂಡು ಹೋಗ್ತಾನೋ ಅಲ್ಲಿಗೇ ಹೋಗ್ತೀನಿ."

ಫೋನು ಇಲ್ಲೇ ಇತ್ತು. ಮೌಸಿನ ಪಕ್ಕದಲ್ಲಿ.

ನಾನು ತಿರುಗಿಯೂ ನೋಡ್ಲಿಲ್ಲ ಕಣೋ. "ಇರೇ" ಅಂದೆ. "ಇರೇ, ಇನ್ನೆರಡು ನೋಡಿಬಿಡ್ತೀನಿ."