ಕಪ್ಪು ದೊರೆಯ ಎಡಗಣ್ಣು

…ಅಯ್ಯೋ, ನಿಜವಾದ ಬಾವಲಿ ಎಲ್ಲಿಂದ ತರ್ತಾರೆ ಭಾವ! ಹಳೇ ಕೊಡೆ ಬಟ್ಟೆ ಕತ್ತರಿಸಿ ದಾರ ಕಟ್ಟಿ ಬಿಟ್ಟಿದ್ರು. ಪರದೆ ಮೇಲೆ ಆ ದಾರ ಎಷ್ಟು ದಪ್ಪ ಕಾಣತ್ತೆ ಅಂದ್ರೆ, ಬಟ್ಟೆ ಒಣಗಿಸಬಹುದು! ಮುಂದಿನ ಸಾಲಲ್ಲಿ ಒಬ್ಬ ಎದ್ದು ನಿಂತು "ಗಾಳಿಪಟ, ಗಾಳಿಪಟ" ಅಂತ ಕೂಗಿದ… ನಗ್ತೀರಾ? ನಗಿ, ನಗಿ. ನಿಮಗೆ ಹೇಳಬೇಕು ಅಂತಾನೇ ಮ್ಯಾಟಿನಿ ಮುಗಿಸಿ ನೇರ ಇಲ್ಲಿಗೆ ಬಂದೆ. ಮೂವತ್ತೊಂದು ವರ್ಷ ಆದ್ಮೇಲೆ ಮತ್ತೆ ಹಾಕಿದ್ದಾರೆ. ಇದ್ದಬದ್ದ ಒಂದೇ ಒಂದು ಸಿನಿಮಾದಲ್ಲಿ ಆಕ್ಟ್ ಮಾಡಿದ್ರಿ, ಅದನ್ನ ನೀವೇ ನೋಡ್ಲಿಲ್ಲ. ಅದು ಥಿಯೇಟರಿಗೆ ಬರೋ ಹೊತ್ತಿಗೆ ನಿಮ್ಮ ಕಣ್ಣೆರಡೂ… ಹ್ಞಾಂ. ಇರ್ಲಿ ಬಿಡಿ. ಕಾಫಿ ಆರೋಗತ್ತೆ, ಲೋಟ ಬಲಗೈ ಪಕ್ಕದಲ್ಲೇ ಇದೆ. ಅಕ್ಕ ಇಷ್ಟು ಬೇಗ ಬರಲ್ಲ, ದರ್ಜಿ ಅಂಗಡಿಗೆ ಹೋದ್ರೆ ಅವಳಿಗೆ ಹೊತ್ತು ಹೋಗೋದೇ ಗೊತ್ತಾಗಲ್ಲ.

ಏನು? ಕಥೆನಾ? ಕಥೆ ಇದ್ರೆ ತಾನೇ ಹೇಳೋದು!

ಮೊದಲನೇ "ಕಪ್ಪು ದೊರೆ" ಬಂದಾಗ ಆ ದೆವ್ವ ನೋಡಿ ಜನ ಕುರ್ಚಿ ಕೆಳಗೆ ನುಗ್ಗಿದ್ರಂತೆ. ಎರಡನೇದಕ್ಕೂ ಹೆದರಿದ್ರು. ಮೂರನೇದಕ್ಕೆ ಆಕಳಿಸಿದ್ರು. ಇದು ಆರನೇದು ಭಾವ, ಆರನೇದು! "ಕಪ್ಪು ದೊರೆಯ ಸೊಸೆ"! ಇನ್ನೊಂದು ತೆಗೆದಿದ್ರೆ "ಕಪ್ಪು ದೊರೆಯ ಷಡ್ಡಕ" ಅಂತ ಬರ್ತಿತ್ತು. ಐದರಲ್ಲೂ ದೊರೆ ಆಗಿದ್ದ ದೊಡ್ಡ ನಟರು ಕಥೆ ಕೇಳಿ ಏನಂದ್ರು ನೆನಪಿದ್ಯಾ? "ನಾನು ಸತ್ರೂ ಮಾಡಲ್ಲ" ಅಂದ್ರು. ಸತ್ತೋನ ಪಾತ್ರಕ್ಕೆ!

ಆಗ ತಾನೇ ನಾನು ಬಾಯಿ ಹಾಕಿದ್ದು. ಮೇಕಪ್ಪಿನೋನಿಗೆ ಯಾಕೆ ಬೇಕಿತ್ತು ಅದೆಲ್ಲ? "ಸಾರ್, ನಮ್ಮ ಭಾವ ಇದ್ದಾರೆ, ಜವಳಿ ಅಂಗಡಿಯಲ್ಲಿ ಕೆಲಸ, ಮೇಲಿನ ಅಟ್ಟಣಿಗೆಯ ಬಟ್ಟೆ ಥಾನನ್ನ ಸ್ಟೂಲಿಲ್ಲದೆ ಇಳಿಸ್ತಾರೆ" ಅಂದೆ. ಡೈರೆಕ್ಟ್ರಿಗೆ ಅಷ್ಟೇ ಸಾಕಾಯ್ತು. ಎತ್ತರ ನಿಮ್ಮದು, ಮುಖ ನಂದು. ಅಕ್ಕ ಬೇಡವೇ ಬೇಡ ಅಂದ್ಲು. ನಾನೇ ಅವಳ ಬೆನ್ನು ಬಿದ್ದು ಒಪ್ಪಿಸಿದೆ. "ಹದಿನೈದು ದಿನದ ಕೆಲಸ ಅಕ್ಕ, ಪೆಟ್ಟಿಗೇಲಿ ಮಲಗೋದು, ಏಳೋದು. ಭಾವನ್ನ ನಾನು ನೋಡ್ಕೋತೀನಿ…" ಅಂದಿದ್ದೆ.

ನೋಡ್ಕೋತೀನಿ ಅಂದಿದ್ದೆ.

ಇಲ್ಲ ಇಲ್ಲ, ಏನಿಲ್ಲ. ಹೇಳ್ತೀನಿ ಕೇಳಿ. ಸೊಸೆ ಕೋಟೆಗೆ ಬರ್ತಾಳಾ, ಬಾಗಿಲು ಧಡಾರ್ ಅಂತ ಮುಚ್ಚತ್ತಾ, ಕೋಟೆ ಗೋಡೆ ಪೂರ್ತಿ ಅಲ್ಲಾಡತ್ತೆ! ನಾನೂರು ವರ್ಷದ ಕಲ್ಲಿನ ಕೋಟೆ! ಆಮೇಲೆ ದೀಪ ಹಿಡ್ಕೊಂಡು ಮುದಿ ಆಳು ಬರ್ತಾನೆ, ಕೈಯಲ್ಲಿ ಗಡಿಯಾರ. ಹೌದು ಭಾವ, ಕೈಗಡಿಯಾರ! ಬಿಚ್ಚಿಡೋದು ಮರೆತಿದ್ದಾನೆ ಪುಣ್ಯಾತ್ಮ. ಜನ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ನಾನೂ ನಗ್ತಿದ್ದೆ. ಎಷ್ಟೋ ದಿನ ಆಗಿತ್ತು ಹಾಗೆ ನಕ್ಕು…

ಆಮೇಲೆ ಹೆಣದ ಪೆಟ್ಟಿಗೆ ಮುಚ್ಚಳ ತೆಗೀತು.

ನೀವು ಭಾವ. ಮೇಣದ ಮುಖ, ಕೆಂಪು ಗಾಜಿನ ಕಣ್ಣು. ಸುಮ್ನೆ ನೋಡ್ತೀರಿ, ಅಷ್ಟೇ. ತುಟಿ ಸ್ವಲ್ಪ ನಡುಗತ್ತೆ. ಎಡಗಣ್ಣಿಂದ ನೀರು ಇಳಿಯತ್ತೆ, ಕೆಂಪಗೆ, ಎಳೆಯಾಗಿ, ಕೆನ್ನೆ ಮೇಲೆ. ಕ್ಯಾಮೆರಾ ಅಲ್ಲಾಡಲ್ಲ. ಗಾಳಿಪಟ ಅಂದೋನೂ ಬಾಯಿ ಮುಚ್ಕೊಂಡ. ನನ್ನ ಹಿಂದೆ ಯಾರೋ ಹೆಂಗಸು "ಅಯ್ಯೋ ಪಾಪ" ಅಂದ್ರು. ದೆವ್ವಕ್ಕೆ! ಇನ್ನೊಬ್ಬ "ಏನ್ ಆಕ್ಟಿಂಗ್ ಗುರೂ" ಅಂದ. ಅವತ್ತು ಡೈರೆಕ್ಟ್ರೂ ಅದನ್ನೇ ಅಂದಿದ್ದು, "ಕಟ್ ಮಾಡ್ಬೇಡಿ, ಯಾರೂ ಕಟ್ ಮಾಡ್ಬೇಡಿ" ಅಂತ.

ಇಡೀ ಸಿನಿಮಾದಲ್ಲಿ ನಿಜ ಅಂತ ಇದ್ದಿದ್ದು ಅದೊಂದೇ ಭಾವ.

ಆ ಕೆಂಪು ಗಾಜಿನ ಬಿಲ್ಲೆ, ಆ ಲೆನ್ಸು, ಇಪ್ಪತ್ತು ನಿಮಿಷದ ಮೇಲೆ ಕಣ್ಣಲ್ಲಿ ಇಡಬಾರದು ಅಂತ ಕಣ್ಣಿನ ಡಾಕ್ಟ್ರು ಹೇಳಿದ್ರು. ನಿಮಗೆ ಒಂದೂಕಾಲು ಗಂಟೆ ಇಟ್ರು. ಎರಡು ಸಲ ಹೇಳ್ದೆ ನಾನು, "ಸಾರ್, ಸಾಕು ಸಾರ್" ಅಂತ. "ನಿನ್ನ ಬಣ್ಣದ ಡಬ್ಬಿ ನೋಡ್ಕೋ ಹೋಗು" ಅಂದ್ರು. ನನ್ನ ಮಾತು ಯಾರು ಕೇಳ್ತಾರೆ ಅಲ್ಲಿ? ನನ್ನ ಕೈಯಲ್ಲಿ ಏನಿತ್ತು ಹೇಳಿ? ಅಷ್ಟಾದ್ರೂ ಕಣ್ಣು ಉಳೀತಿತ್ತೋ ಏನೋ… ನೀವು ಉಜ್ಜಬಾರದಿತ್ತು ಭಾವ. ಉರೀತಿದೆ ಅಂತ ನೀವು ಕಣ್ಣು ಉಜ್ಜಿಕೊಂಡಿದ್ದೇ…

ಯಾಕೆ ಲೋಟ ಕೆಳಗಿಟ್ರಿ?

ಏನು ಕೇಳಿದ್ರಿ? ಕೈನಾ? ಆ ಸೀನಲ್ಲಿ ನಿಮ್ಮ ಕೈ… ಕಾಣತ್ತೆ. ಎದೆ ಮೇಲೆ ಇದೆ. ಒಂದರ ಮೇಲೊಂದು. ಉಗುರು… ಹೌದು, ಉಗುರಿದೆ. ಗೇಣುದ್ದದ್ದು. ಹತ್ತು ಬೆರಳಿಗೂ. ನಾನೇ ಬೆಳಿಗ್ಗೆ ಅಂಟಿಸ್ತಿದ್ದೆ, ಸಂಜೆ ಸ್ಪಿರಿಟ್ ಹಚ್ಚಿ ನಾನೇ ಬಿಡಿಸ್ತಿದ್ದೆ. ನೀರು ಕೂಡ ನಾನೇ ಕುಡಿಸ್ತಿದ್ದೆ, ನಿಮಗೆ ಲೋಟ ಹಿಡಿಯೋಕೂ…

…ಭಾವ?

ಬೆರಳ ತುದಿ ಯಾಕೆ ಸವರಿಕೊಳ್ತಿದ್ದೀರಿ?

ಕೈ ಜಾರ್ತು ಭಾವ. ಅವತ್ತು ಬೆಳಿಗ್ಗೆ ಉಪ್ಪುನೀರಿನ ಬಟ್ಟಲಿಂದ ಎಡಗಣ್ಣಿನ ಬಿಲ್ಲೆ ತೆಗೀವಾಗ ಕೈ ಜಾರ್ತು. ನೆಲಕ್ಕೆ ಬಿತ್ತು. ಒಡೀಲಿಲ್ಲ. ಅಂಚಲ್ಲಿ ಕೂದಲೆಳೆಯಷ್ಟು ಬಿರುಕು. ಉಗುರಲ್ಲಿ ಸವರಿ ನೋಡ್ದೆ, ಗೊತ್ತಾಯ್ತು ನಂಗೆ. ಇದ್ದಿದ್ದೇ ಒಂದು ಜೊತೆ. ಹೇಳಿದ್ರೆ ಕೆಲಸ ನಿಲ್ಲತ್ತೆ, ನನ್ನನ್ನ ಹೊರಗೆ ಹಾಕ್ತಾರೆ. ಏನಾಗಲ್ಲ ಅಂದ್ಕೊಂಡೆ. ನೀವು "ಏನೋ ಚುಚ್ತಿದೆ ಕಣೋ" ಅಂದ್ರಿ. "ಮೊದಮೊದಲು ಹಾಗೇ ಭಾವ, ಅಭ್ಯಾಸ ಆಗತ್ತೆ" ಅಂದೆ. ಈ ಬಾಯಲ್ಲೇ ಅಂದೆ.

ಸೀನ್ ಮುಗಿದು ಬಿಲ್ಲೆ ತೆಗೆದಾಗ ಬಿರುಕಿದ್ದ ಜಾಗದ ಗಾಜಿನ ಚೂರೇ ಇರ್ಲಿಲ್ಲ.

ಆಸ್ಪತ್ರೇಲಿ ಡಾಕ್ಟ್ರು "ಹೇಗಾಯ್ತು" ಅಂದ್ರು. ಅಕ್ಕ ಪಕ್ಕದಲ್ಲಿ ನಿಂತು ನನ್ನ ಮುಖಾನೇ ನೋಡ್ತಿದ್ಲು. "ಉಜ್ಜಿಕೊಂಡ್ರು" ಅಂತ ಬಾಯಿಗೆ ಬಂದ್ಬಿಡ್ತು. ನಾಳೆ ಡಾಕ್ಟ್ರ ಹತ್ರ ಒಬ್ಬನೇ ಹೋಗಿ ಹೇಳಿಬಿಡೋಣ ಅಂದ್ಕೊಂಡೆ. ಹೋದೆ ಭಾವ, ಆಣೆ ಮಾಡಿ ಹೇಳ್ತೀನಿ, ಹೋದೆ. ಅವರ ಕೋಣೆ ಬಾಗಿಲ ಮುಂದೆ ಅರ್ಧ ಗಂಟೆ ನಿಂತು ವಾಪಸ್ ಬಂದೆ. ಕಣ್ಣೊಳಗೆ ಗಾಜಿದೆ ಅಂತ ಗೊತ್ತಿದ್ದಿದ್ರೆ ಹುಡುಕ್ತಿದ್ರು. ತೆಗೀತಿದ್ರು. ತಿಂಗಳಾದ ಮೇಲೆ ಗೊತ್ತಾಯ್ತಲ್ಲ ಅವರಿಗೆ, ಅಷ್ಟು ಹೊತ್ತಿಗೆ ಎಡಗಣ್ಣಿನ ಬಾಧೆ ಬಲಗಣ್ಣಿಗೂ ಹತ್ತಿತ್ತು…

ಅದಕ್ಕೂ ನಾನು "ಉಜ್ಜಿದ್ದಕ್ಕೇ ಬಿಲ್ಲೆ ಒಡೆದಿರಬೇಕು" ಅಂದೆ.

ಅಲ್ಲ ಭಾವ… ಒಂದು ನಿಮಿಷ. ಉಗುರು ಇದ್ದಿದ್ದು ನಿಮ್ಮ ಕೈಗೆ. ಉಜ್ಜಲಿಲ್ಲ ಅನ್ನೋದು ನಿಮಗೆ… ನಿಮಗೆ ಅವತ್ತೇ ಗೊತ್ತಿತ್ತು. ಗೊತ್ತಿತ್ತಾ? ಮಂಚದ ಮೇಲೆ ಮಲಗಿ, ಕಣ್ಣಿಗೆ ಪಟ್ಟಿ ಕಟ್ಕೊಂಡು, ನಾನು ಹೇಳ್ತಿದ್ದ ಸುಳ್ಳನ್ನ ಪೂರ್ತಿ ಕೇಳಿಸ್ಕೊಂಡ್ರಾ?

ಅಕ್ಕ ಮೂವತ್ತೊಂದು ವರ್ಷ ನಿಮ್ಮನ್ನ ಬೈದಳು. "ಒಂದು ಗಳಿಗೆ ಕೈ ಸುಮ್ನಿಟ್ಕೊಳಕ್ಕಾಗಲಿಲ್ವಾ ನಿಮಗೆ" ಅಂತ ನನ್ನೆದುರಿಗೇ ಎಷ್ಟು ಸಲ ಅಂದ್ಲು! ನೀವು "ಹೂಂ ಕಣೇ, ತಪ್ಪಾಯ್ತು" ಅಂತಿದ್ರಿ. ಪ್ರತಿ ಭಾನುವಾರ ನಾನು ಬಂದಾಗ "ಬಾರೋ, ಕೂತ್ಕೋ" ಅಂತ ಪಕ್ಕದಲ್ಲಿ ಕೂರಿಸ್ಕೊಂಡ್ರಿ. ಯಾಕೆ ಭಾವ? ಅವಳಿಗೆ ಇರೋನು ಒಬ್ಬನೇ ತಮ್ಮ ಅಂತಾನಾ?

ಬೈಯಿರಿ ಭಾವ. ಹೊಡೀರಿ ಬೇಕಾದ್ರೆ, ಇಲ್ಲೇ ಇದ್ದೀನಿ, ನಿಮ್ಮ ಕೈಗೆ ಸಿಗೋ ಹಾಗೆ ಕೂತಿದ್ದೀನಿ.

…ಮೆಟ್ಟಿಲ ಮೇಲೆ ಸದ್ದಾಗ್ತಿದೆ. ಅಕ್ಕನೇ. ಅವಳಿಗೆ ಹೇಳ್ತೀನಿ. ಇವತ್ತು ಹೇಳಿಬಿಡ್ತೀನಿ ಭಾವ.

ಬಿಡಿ… ಕೈ ಬಿಡಿ ಭಾವ. ಯಾಕೆ ಹಿಡ್ಕೋತೀರಿ? ನನ್ನ ಬಾಯಿ ಯಾಕೆ ಮುಚ್…