ಹೊಗೆಯಿಲ್ಲದ ಕೆಂಡ

ಒಂದೂರು. ಆ ಊರಿನ ಶ್ರೀಮಂತನ ಮನೆಯಲ್ಲಿ ಜೋರಾಗಿ ಕೆಮ್ಮುವ ಧೈರ್ಯವೂ ಯಾರಿಗೂ ಇರಲಿಲ್ಲ. ಎದುರು ಮಾತಿಲ್ಲ, ಗೊಣಗಾಟವಿಲ್ಲ. ಅದನ್ನೇ ಅವನು ಶಾಂತಿ ಎಂದು ಕರೆಯುತ್ತಿದ್ದ. ನೋಡಿ, ನಾವೂ ಹಾಗೇ ಕರೆಯುತ್ತೇವೆ.

ಮಗಳು ಹೆರಿಗೆಗೆ ತವರಿಗೆ ಬಂದಳು. ಮೊಮ್ಮಗಳು ಹುಟ್ಟಿದಳು. ಬಾಣಂತಿಯ ಕೋಣೆಗೆ ಶಾಖ ಬೇಕಲ್ಲ? ಹೆಂಡತಿ ಅಗ್ಗಿಷ್ಟಿಕೆಗೆ ಬೆರಣಿ ಹಾಕಿದಳು. ಹೊಗೆ ಎದ್ದು, ಹೊಸದಾಗಿ ಸುಣ್ಣ ಬಳಿದ ಗೋಡೆ ಮಸಿಯಾಯಿತು. ಅವನಿಗೆ ಸಿಟ್ಟು. ಮರದ ಹೊಟ್ಟು ಒತ್ತಿ ಮಾಡಿದ ಉಂಡೆ ತರಿಸಿದ. ಅದು ಭಗ್ಗೆಂದು ಹೊತ್ತಿತು, ಚಟಪಟ ಸದ್ದು ಮಾಡಿತು, ಸ್ವಲ್ಪದರಲ್ಲೇ ಬೂದಿಯಾಯಿತು. ಅದರಲ್ಲೂ ಹೊಗೆ. ಕೊನೆಗೆ ತೆಂಗಿನ ಚಿಪ್ಪಿನ ಇದ್ದಿಲುಂಡೆ ಬಂತು. ಹೊತ್ತಿಕೊಳ್ಳಲು ತಡ, ಹೊತ್ತಿದ ಮೇಲೆ ಜ್ವಾಲೆಯಿಲ್ಲ, ಸದ್ದಿಲ್ಲ, ಹೊಗೆಯಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೂ ಕೆಂಪಗೆ, ತೆಪ್ಪಗೆ. ತನ್ನ ಮನೆಗೆ ತಕ್ಕ ಬೆಂಕಿ ಎನಿಸಿತು ಅವನಿಗೆ.

"ಬೆರಣೀನೇ ಇರ್ಲಿ ಬಿಡ್ರೀ," ಎಂದಳು ಹೆಂಡತಿ. "ಹೊಗೆ ಕಣ್ಣಿಗೆ ಹೊಡೆದ್ರೆ ಕಿಟಕಿನಾದ್ರೂ ತೆಗೀತಿದ್ವಿ."

"ಬಾಣಂತಿ ಕೋಣೆಗೆ ಗಾಳಿ ಬಿಡ್ತೀಯಾ? ನಿನ್ನ ತಲೇಲೂ ಬೆರಣೀನೇ ತಟ್ಟಿದಾರೆ!" ಎಂದು ಅವನು ಕಿಟಕಿಯ ಸಂದಿಗಳಿಗೂ ಬಟ್ಟೆ ತುರುಕಿಸಿದ.

ಮರುದಿನ ಎಣ್ಣೆನೀರು ಹಾಕಿ ಮಗಳನ್ನು ಮಲಗಿಸಿದರು. "ಅಮ್ಮ, ಈ ಕೋಣೇಲಿ ತಲೆ ಸಿಡಿಯತ್ತೆ ಕಣೇ," ಎಂದಳು. "ಅಪ್ಪಂಗೆ ಹೇಳ್ಬೇಡ, ರೇಗ್ತಾರೆ."

ಅಮ್ಮ ಹೇಳಲಿಲ್ಲ. ಮಗುವನ್ನೆತ್ತಿಕೊಂಡು ಪಡಸಾಲೆಗೆ ಬಂದಳು.

ಮಧ್ಯಾಹ್ನ ಅವನೇ ಇಣುಕಿದ. ಮಗಳ ಕೆನ್ನೆ ಕೆಂಪಗಿತ್ತು. ಶಾಖ ಚೆನ್ನಾಗಿ ಹಿಡಿದಿದೆ ಎಂದುಕೊಂಡ. ಎಚ್ಚರವಾದೀತೆಂದು ಬಾಗಿಲನ್ನು ಸದ್ದಾಗದಂತೆ ಮುಚ್ಚಿದ. ಕೇಳಿದಿರಾ? ಸದ್ದಾಗದಂತೆ ಮುಚ್ಚಿದ.

ಮಗು ಹಸಿದು ಅತ್ತಿತು. ಅತ್ತೇ ಅತ್ತಿತು. ಎಷ್ಟು ಎಬ್ಬಿಸಿದರೂ ಮಗುವಿನ ತಾಯಿ ಏಳಲಿಲ್ಲ. ಗಾಳಿಯಾಡದ ಕೋಣೆಯಲ್ಲಿ ಆ ಇದ್ದಿಲು ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷ ಬಿಟ್ಟಿತ್ತು.

ಕಿಟಕಿಯ ಬಟ್ಟೆ ಕೀಳುತ್ತ ಅವನು ಕೂಗಿದ: "ಒಬ್ರಾದ್ರೂ ಹೇಳ್ಬಾರ್ದಿತ್ತಾ?"

ಆಗಲೂ ಆ ಮನೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ.

ಬೆರಣಿ ಒಳ್ಳೆಯದು ಎನ್ನುತ್ತಿಲ್ಲ ನಾನು. ಅದೂ ಕೊಲ್ಲಬಲ್ಲದು, ಆದರೆ ಮೊದಲು ಕೆಮ್ಮಿಸುತ್ತದೆ. ನಿಮ್ಮ ಮನೆಯಲ್ಲಿ ಹೊಗೆಯಾಡುವವರು ಯಾರು? ಗೊಣಗುವ ಹೆಂಡತಿಯೇ? ಎದುರಾಡುವ ಮಗಳೇ? ಅವರು ತೆಪ್ಪಗಾದ ದಿನ ನೆಮ್ಮದಿಯಿಂದ ಕಾಲು ಚಾಚಿ ಮಲಗಿದವರು ಇಲ್ಲಿ ಎಷ್ಟು ಜನ? ಬೇಡ, ಕೈ ಎತ್ತಬೇಡಿ.

ಇವತ್ತು ಮನೆಗೆ ಹೋಗಿ, ಊಟಕ್ಕೆ ಮುಂಚೆ ಅವರ ಎದುರು ಕೂತು ಕೇಳಿ: ನನಗೆ ಏನು ಹೇಳದೆ ಉಳಿಸಿಕೊಂಡಿದ್ದೀ? ಅವರು ಮುಗಿಸುವವರೆಗೆ ಬಾಯಿ ತೆರೆಯಬೇಡಿ. ಮೊದಲ ಸಲ ಅವರು 'ಏನಿಲ್ಲ' ಎನ್ನುತ್ತಾರೆ. ಅದನ್ನು ನಂಬಿ ಎದ್ದು ಬರಬೇಡಿ.