ಕನ್ನಡದಲ್ಲೇ ಹೇಳಿದ ಹರ್ಡಲ್ಸು

ಮೈಸೂರಿನ ಪಂದ್ಯಕ್ಕೆ ಹೊರಟ ಅಂಬಿಕ ಕಿಕ್ಕೇರಿ ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ದುಪಟ್ಟಾ ಸುತ್ತಿ ಮುಖ ಮುಚ್ಚಿಕೊಂಡು ಕೂತಿದ್ದಳು. ಬೆನ್ನ ಹಿಂದೆ ತನ್ನದೇ ಹೆಸರು ಕೇಳಿಸಿತು. ಅಪ್ಪನ ಮಾತಿನ ಮೇಲೆ ಅವಳಿಗೆ ಗಂಡು ಹುಡುಕುತ್ತಿದ್ದ ಚಿಕ್ಕಸಿದ್ದಯ್ಯ, ಜೊತೆಗೆ ಅವನ ಗೆಳೆಯ ಬೋರಲಿಂಗ.

"ಶೀಳನೆರೆ ಅಂಬಿಕನ್ನ ನಾಗಮಂಗಲದೋರು ಯಾಕ್ಲಾ ಬ್ಯಾಡ ಅಂದ್ರು?"

"ಅದೇ ತಿಳೀದು ಕಣ್ಲಾ. ನಾನು ಒಗಳಿದ್ದೇ ಒಗಳಿದ್ದು. ಹುಡ್ಗಿ ಓಡೋದ್ರಲ್ಲಿ ಎತ್ತಿದ ಕೈ ಅಂದೆ."

"ಓಡೋದ್ರಲ್ಲಿ?"

"ಊಂ. ಬೇಲಿ ಹಾರೋದ್ರಲ್ಲಂತೂ ಜಿಲ್ಲೆಗೇ ಮೊದಲು ಅಂದೆ."

"ಬೇಲಿನಾ?"

"ಹರ್ಡಲ್ಸು ಕಣ್ಲಾ. ಸ್ಟೇಡಿಯಮ್ಮಲ್ಲಿ ಅಡ್ಡಡ್ಡ ಇಟ್ಟಿರ್ತಾರಲ್ಲ, ಅದು. ಅವ್ರಿಗೆ ಇಂಗ್ಲೀಸು ಯಾಕೆ ಅಂತ ಕನ್ನಡದಲ್ಲೇ ಹೇಳ್ದೆ."

"ಗಂಡಿನ ಅವ್ವ ಏನಂದ್ಲು?"

"ಈಗ್ಲೂ ಹಾರ್ತಾಳಾ ಅಂದ್ಲು. ದಿನಾ ಬೆಳಿಗ್ಗೆ ಸಂಜೆ ಅಂದೆ. ಅವ್ರಪ್ಪ ಸುಮ್ಕಿರ್ತಾನಾ ಅಂದ್ಲು. ಅವ್ನೇ ನಿಂತ್ಕಂಡು ಚಪ್ಪಾಳೆ ತಟ್ತಾನೆ ಅಂದೆ. ನಾನು ಕುಡೀತಿದ್ದ ಕಾಫಿ ಲೋಟ ಕಿತ್ಕಂಡು ಒಳಿಕ್ಕೋದ್ಲು."

ಬೋರಲಿಂಗನಿಗೆ ಕೆಮ್ಮು ಬಂತು. "ಮದ್ವೆ ಆದ್ಮೇಲೆ ಬುಟ್ಬುಡ್ತಾಳೆ ಅನ್ಬೇಕಿತ್ತು."

"ಸುಳ್ಳು ಯಾಕೇಳ್ಲಿ? ಮದ್ವೆ ಆದ್ಮೇಲೂ ಬುಡಕಿಲ್ಲ ಅಂತ ಹುಡ್ಗಿನೇ ಖಡಕ್ಕಾಗಿ ಹೇಳವ್ಳೆ. ಅದನ್ನೂ ಹೇಳ್ದೆ."

ಅವರ ಬಸ್ಸು ಬಂತು. ಇಬ್ಬರೂ ಪಂಚೆ ಎತ್ತಿ ಕಟ್ಟಿ, ನೂಕಾಡಿ ಹತ್ತಿದರು. ಬಸ್ಸು ಕದಲುವಾಗ ಕಿಟಕಿಯಲ್ಲಿ ಚಿಕ್ಕಸಿದ್ದಯ್ಯನ ಮುಖ ಕಂಡಿತು. ಅಂಬಿಕ ದುಪಟ್ಟಾ ಸರಿಸಿದಳು.

"ತಾತ, ಮುಂದಿನ ಗಂಡಿನೋರ್ಗೂ ಕನ್ನಡದಲ್ಲೇ ಹೇಳ್ಬುಡಿ."